ಕರಾವಳಿಯಿಂದ ಹಿಮಾಲಯಕ್ಕೆ: ಚಾರಣದ ಬ್ಯಾಗು ಕಟ್ಟುವ ಸಮಗ್ರ ಮಾರ್ಗದರ್ಶಿ

ಕಾಸರಗೋಡಿನಲ್ಲಿ ಡಿಸೆಂಬರಿನ ಬೆಳಗಿನ ಜಾವಕ್ಕೂ ಉಷ್ಣತೆ 20 ಡಿಗ್ರಿಯ ಆಸುಪಾಸಿನಲ್ಲೇ ಇರುತ್ತದೆ. ಅಷ್ಟಕ್ಕೇ ನಾವು ತಲೆಗೆ ಬೈರಾಸು ಸುತ್ತಿಕೊಂಡು "ಎಂಥ ಚಳಿ ಮಾರಾಯ್ರೇ" ಎನ್ನುತ್ತೇವೆ. ಅದೇ ತಿಂಗಳಲ್ಲಿ ಉತ್ತರಾಖಂಡದ ಕೇದಾರಕಂಠದ ಕ್ಯಾಂಪಿನಲ್ಲಿ ರಾತ್ರಿ ಸೊನ್ನೆಗಿಂತ ಎಂಟು ಹತ್ತು ಡಿಗ್ರಿ ಕೆಳಗೆ ಇಳಿಯುತ್ತದೆ. ಹಾಗಾಗಿ ಮೊದಲ ಸಲ ಹೊರಡುವವರು ಹೆದರಿ ಸ್ವೆಟರ್ ಮೇಲೆ ಸ್ವೆಟರ್ ತುಂಬುತ್ತಾರೆ. ಬ್ಯಾಗು 18 ಕಿಲೋ ದಾಟುತ್ತದೆ. ಏರು ಶುರುವಾದ ಅರ್ಧ ಗಂಟೆಗೆ ಬೆವರಿ ಒದ್ದೆ, ನಿಂತ ಐದು ನಿಮಿಷಕ್ಕೆ ಗಡಗಡ ನಡುಕ.

ಎತ್ತರದಲ್ಲಿ ಮೈಯ ಶಾಖ ಕದಿಯುವುದು ಒದ್ದೆ ಬಟ್ಟೆ ಮತ್ತು ಗಾಳಿ. ಚಳಿ ನಮಗೆ ಹೊಸತು, ಒಪ್ಪೋಣ. ಆದರೆ ಒದ್ದೆಯ ವಿಷಯದಲ್ಲಿ ನಮಗಿಂತ ಅನುಭವಸ್ಥರು ಯಾರಿದ್ದಾರೆ? ಜೂನ್‌ನಿಂದ ಸೆಪ್ಟೆಂಬರ್ ತನಕ ಬಟ್ಟೆ ಎಲ್ಲಿ ಒಣಗಿಸುವುದು ಎಂಬ ಚಿಂತೆಯಲ್ಲೇ ಇರುವವರು ನಾವು. ಆ ಬುದ್ಧಿಯನ್ನೇ ಇಟ್ಟುಕೊಂಡು ಬ್ಯಾಗು ಕಟ್ಟಿದರೆ ಅರ್ಧ ಕೆಲಸ ಮುಗಿಯುತ್ತದೆ.

ಹೆಜ್ಜೆ 1: ಪಟ್ಟಿ ಬರೆಯುವ ಮೊದಲು ಮೂರು ಪ್ರಶ್ನೆ

ಯಾವ ಬೆಟ್ಟ? ಯಾವ ತಿಂಗಳು? ಬ್ಯಾಗು ಹೊರುವವರು ಯಾರು?

ಕೇದಾರಕಂಠ 3,810 ಮೀಟರ್. ಹಿಮಾಚಲದ ಹಂಪ್ಟಾ ಪಾಸ್ ಸುಮಾರು 4,270 ಮೀಟರ್. ಡಾರ್ಜಿಲಿಂಗ್ ಕಡೆಯ ಸಂದಕ್‌ಫು 3,636 ಮೀಟರ್. ನಮ್ಮ ರಾಣಿಪುರಂ ಸಾವಿರ ಮೀಟರ್ ಚಿಲ್ಲರೆ, ಕುಮಾರಪರ್ವತ 1,712 ಮೀಟರ್. ಎತ್ತರ ಗೊತ್ತಾದ ಮೇಲೆ ತಿಂಗಳು ನೋಡಿ, ಯಾಕೆಂದರೆ ಸಾಮಾನು ಜಾಸ್ತಿ ಬದಲಾಗುವುದು ತಿಂಗಳಿನಿಂದ. ಜನವರಿಯ ಕೇದಾರಕಂಠ ಅಂದರೆ ಹಿಮದ ಮೇಲೆ ನಡೆಯುವುದು. ಜುಲೈಯ ಹಂಪ್ಟಾ ಅಂದರೆ ಮಳೆ ಮತ್ತು ಮೊಣಕಾಲು ತನಕ ಕೊರೆಯುವ ಹೊಳೆ ನೀರು. ಆಗಸ್ಟಿನಲ್ಲಿ ಉತ್ತರಾಖಂಡದ ಹೂವಿನ ಕಣಿವೆಗೆ ಹೋದರೆ ಮಳೆಯ ಮಟ್ಟಿಗೆ ಮನೆಯಲ್ಲಿದ್ದ ಹಾಗೇ ಇರುತ್ತದೆ.

ಚಳಿ ಎಷ್ಟಿರಬಹುದು ಎಂದು ಅಂದಾಜು ಮಾಡಲು ಸುಲಭದ ಲೆಕ್ಕ ಇದೆ. ಸಾವಿರ ಮೀಟರ್ ಏರಿದರೆ ಉಷ್ಣತೆ ಸರಾಸರಿ ಆರೂವರೆ ಡಿಗ್ರಿ ಇಳಿಯುತ್ತದೆ. ಕೇದಾರಕಂಠದ ತಪ್ಪಲಿನ ಹಳ್ಳಿ ಸಾಂಕ್ರಿ ಸುಮಾರು 1,900 ಮೀಟರಿನಲ್ಲಿದೆ. ಕ್ಯಾಂಪು ಅದಕ್ಕಿಂತ 1,500 ಮೀಟರ್ ಮೇಲಿದ್ದರೆ ಸಾಂಕ್ರಿಯ ಉಷ್ಣತೆಯಿಂದ ಹತ್ತು ಡಿಗ್ರಿ ಕಳೆಯಿರಿ. ಗಾಳಿ ಬೀಸಿದರೆ ಮೈಗೆ ಇನ್ನೂ ಕಡಿಮೆ ಅನಿಸುತ್ತದೆ.

ಮೂರನೆಯ ಪ್ರಶ್ನೆಗೆ ಉತ್ತರ ಟ್ರೆಕ್ ನಡೆಸುವವರಿಂದಲೇ ಬರಬೇಕು. ಹೇಸರಗತ್ತೆ ಹೊರುತ್ತದಾದರೆ ನಿಮ್ಮ ಬೆನ್ನಿಗೆ 20–25 ಲೀಟರಿನ ಚಿಕ್ಕ ಬ್ಯಾಗು ಸಾಕು. ನೀವೇ ಹೊರುವುದಾದರೆ 50–60 ಲೀಟರ್ ಬೇಕು. ಟೆಂಟು, ಸ್ಲೀಪಿಂಗ್ ಬ್ಯಾಗು, ಮ್ಯಾಟು, ಹಿಮದಲ್ಲಿ ಶೂಗೆ ಕಟ್ಟುವ ಮುಳ್ಳಿನ ಚೈನು, ಕಾಲಿಗೆ ಸುತ್ತುವ ಗೇಟರ್, ಇವೆಲ್ಲ ಅವರು ಕೊಡುತ್ತಾರಾ ಎಂದು ಫೋನಿನಲ್ಲಿ ಕೇಳಿ, ಉತ್ತರವನ್ನು ಮೆಸೇಜಿನಲ್ಲಿ ಬರೆಸಿಕೊಳ್ಳಿ.

ಹೆಜ್ಜೆ 2: ಶೂ, ಅದೂ ಎರಡು ತಿಂಗಳು ಮೊದಲೇ

ದುಡ್ಡು ಖರ್ಚು ಮಾಡುವುದಿದ್ದರೆ ಮೊದಲು ಇಲ್ಲಿ ಮಾಡಿ. ಜಾಕೆಟ್ ಬಾಡಿಗೆಗೆ ಸಿಗುತ್ತದೆ, ಗೆಳೆಯರಿಂದ ಕೇಳಿ ತರಬಹುದು. ನಿಮ್ಮ ಕಾಲಿಗೆ ಹೊಂದಿದ ಶೂ ಮಾತ್ರ ಬೇರೆಯವರ ಹತ್ತಿರ ಇರುವುದಿಲ್ಲ.

ಹಿಮ ಇರುವ ಟ್ರೆಕ್ಕಿಗೆ ಕಣಕಾಲು ಮುಚ್ಚುವ, ನೀರು ಒಳಗೆ ಬಿಡದ, ಅಡಿಯಲ್ಲಿ ಆಳವಾದ ಹಲ್ಲುಗಳಿರುವ ಶೂ ಬೇಕು. ಅಂಗಡಿಗೆ ಸಂಜೆ ಹೊತ್ತು ಹೋಗಿ, ಆಗ ಪಾದ ಸ್ವಲ್ಪ ಊದಿಕೊಂಡಿರುತ್ತದೆ. ಬೆಟ್ಟದಲ್ಲಿ ಹಾಕುವ ದಪ್ಪ ಸಾಕ್ಸನ್ನೇ ಹಾಕಿ ನೋಡಿ. ಪಾದವನ್ನು ಮುಂದಕ್ಕೆ ದೂಡಿದಾಗ ಹಿಮ್ಮಡಿಯ ಹಿಂದೆ ಒಂದು ಬೆರಳು ಹೋಗುವಷ್ಟು ಜಾಗ ಇರಲಿ. ಯಾಕೆಂದರೆ ಉಗುರು ಕಪ್ಪಾಗುವುದು ಇಳಿಯುವಾಗ. ಲೇಸು ಬಿಗಿದು ಇಳಿಜಾರಿನಲ್ಲಿ ನಿಂತಾಗ ಹೆಬ್ಬೆರಳು ಮುಂದಕ್ಕೆ ಬಡಿಯಬಾರದು.

ಈಗ ನಮ್ಮೂರಿನವರೇ ಗಮನಿಸಬೇಕಾದ ಒಂದು ವಿಷಯ. ಟ್ರೆಕ್ಕಿಂಗ್ ಶೂಗಳ ಅಟ್ಟೆಯ ನಡುಪದರ ಹೆಚ್ಚಾಗಿ ಪಾಲಿಯುರೇಥೇನ್ ಎಂಬ ಪ್ಲಾಸ್ಟಿಕ್ ಫೋಮಿನದು. ಗಾಳಿಯ ತೇವ ಅದನ್ನು ಒಳಗಿಂದೊಳಗೇ ಪುಡಿಯಾಗಿಸುತ್ತದೆ. ಒಮ್ಮೆ ಹಾಕಿ ನಾಲ್ಕೈದು ವರ್ಷ ಕಪಾಟಿನಲ್ಲಿಟ್ಟ ಶೂ ನೋಡಲು ಹೊಸದೇ, ಆದರೆ ಬೆಟ್ಟದ ಮಧ್ಯದಲ್ಲಿ ಅಡಿ ಕಳಚಿ ಕೈಗೆ ಬರುತ್ತದೆ. ಕರಾವಳಿಯ ಹವೆಯಲ್ಲಿ ಇದು ಇನ್ನೂ ಬೇಗ ಆಗುತ್ತದೆ. ಅಣ್ಣನದೋ ಭಾವನದೋ ಹಳೇ ಶೂ ಸಿಕ್ಕಿದರೆ ಮೊದಲು ಅಟ್ಟೆಯನ್ನು ಬಲವಾಗಿ ಬಗ್ಗಿಸಿ, ಉಗುರಿನಿಂದ ಒತ್ತಿ ನೋಡಿ. ಬಿರುಕು ಕಂಡರೆ ಅಥವಾ ಪುಡಿ ಉದುರಿದರೆ ಅದನ್ನು ಹಾಕಿಕೊಂಡು ಹೋಗಬೇಡಿ. ಹಾಗೆಯೇ ಹಳೇ ರೇನ್‌ಕೋಟು, ಹಳೇ ಬ್ಯಾಗಿನ ಒಳಪದರ ಕೈಗೆ ಅಂಟಂಟು ಆಗುತ್ತಿದ್ದರೆ ಅದರ ಆಯುಷ್ಯವೂ ಮುಗಿದಿದೆ.

ಹೊಸ ಶೂ ತಂದ ಮೇಲೆ ದಿನಾ ಹಾಕಿ. ಪೇಟೆಗೆ, ತೋಟಕ್ಕೆ, ಮುರಕಲ್ಲಿನ ಪದವಿನಲ್ಲಿ ಸಂಜೆಯ ನಡಿಗೆಗೆ. ಜನ ಏನು ಬೇಕಾದರೂ ಹೇಳಲಿ.

ಹೆಜ್ಜೆ 3: ಬಟ್ಟೆ, ಪದರ ಪದರವಾಗಿ

ಒಂದು ದಪ್ಪ ಜಾಕೆಟಿಗಿಂತ ನಾಲ್ಕು ತೆಳು ಪದರ ಒಳ್ಳೆಯದು. ನಡೆಯುವಾಗ ಒಂದೊಂದೇ ತೆಗೆಯಬಹುದು, ನಿಂತಾಗ ಒಂದೊಂದೇ ಹಾಕಿಕೊಳ್ಳಬಹುದು.

ಮೈಗೆ ತಾಗುವ ಮೊದಲ ಪದರದ ಕೆಲಸ ಬೆವರನ್ನು ಹೊರಗೆ ದಾಟಿಸುವುದು. ಇದಕ್ಕೆ ಪಾಲಿಯೆಸ್ಟರ್ ಟೀ ಶರ್ಟ್ ಅಥವಾ ಮೆರಿನೋ ಉಣ್ಣೆ. ಹತ್ತಿ ಬೇಡವೇ ಬೇಡ. ಊರಲ್ಲಿ ಹತ್ತಿ ನಮ್ಮ ಮಿತ್ರ, ಬೆಟ್ಟದಲ್ಲಿ ಅದು ಬೆವರನ್ನು ಹೀರಿ ಹಿಡಿದಿಟ್ಟುಕೊಂಡು ಮೈಯನ್ನು ತಣ್ಣಗೆ ಮಾಡುತ್ತದೆ. ಬನಿಯನ್ನಿಗೂ ಒಳಉಡುಪಿಗೂ ಇದೇ ಮಾತು. ಜೀನ್ಸಂತೂ ಒಮ್ಮೆ ಒದ್ದೆಯಾದರೆ ಇಡೀ ಟ್ರೆಕ್ಕಿನಲ್ಲಿ ಒಣಗುವುದಿಲ್ಲ.

ಎರಡನೆಯದು ಫ್ಲೀಸ್, ಅಂದರೆ ಉಣ್ಣೆಯ ಹಾಗೆ ಮೆತ್ತಗಿರುವ ಸಿಂಥೆಟಿಕ್ ಬಟ್ಟೆಯ ಅಂಗಿ. ಹಗುರ, ಬೇಗ ಒಣಗುತ್ತದೆ, ನಡೆಯುವಾಗಲೂ ಹಾಕಬಹುದು. ಮೂರನೆಯದು ಗರಿ ತುಂಬಿದ ಅಥವಾ ಸಿಂಥೆಟಿಕ್ ತುಂಬಿದ ಜಾಕೆಟ್. ಇದು ಕ್ಯಾಂಪಿನಲ್ಲಿ ಕುಳಿತಾಗ, ವಿಶ್ರಾಂತಿಗೆ ನಿಂತಾಗ, ಮುಂಜಾವಿನ ಶಿಖರದ ನಡಿಗೆಗೆ. ಗರಿಯ ಜಾಕೆಟ್ ಹಗುರ ಮತ್ತು ತುಂಬ ಬೆಚ್ಚಗೆ, ಆದರೆ ಒದ್ದೆಯಾದರೆ ಮುದ್ದೆಯಾಗಿ ಬೆಚ್ಚಗಿಡುವ ಗುಣ ಕಳೆದುಕೊಳ್ಳುತ್ತದೆ. ಮಳೆಗಾಲದ ಟ್ರೆಕ್ಕಿಗೆ ಸಿಂಥೆಟಿಕ್, ಹಿಮದ ಟ್ರೆಕ್ಕಿಗೆ ಗರಿ, ಇದು ನನ್ನ ಆಯ್ಕೆ.

ನಾಲ್ಕನೆಯದು ಗಾಳಿ ಮಳೆ ತಡೆಯುವ ತೆಳು ಹೊದಿಕೆ, ಟೊಪ್ಪಿ ಇರುವಂಥದ್ದು. ನಮ್ಮ ಬೈಕಿನ ರೇನ್‌ಕೋಟು ಮಳೆ ತಡೆಯುತ್ತದೆ ನಿಜ. ಒಳಗಿನ ಬೆವರನ್ನೂ ಅಷ್ಟೇ ಚೆನ್ನಾಗಿ ತಡೆದು ಒಳಗಿಂದ ತೋಯಿಸುತ್ತದೆ. ಬೆವರಿನ ಆವಿ ಹೊರಗೆ ಹೋಗುವ ಬಟ್ಟೆ, ಕಂಕುಳಲ್ಲಿ ಜಿಪ್ ಇದ್ದರೆ ಇನ್ನೂ ಒಳ್ಳೆಯದು. ಕೊಡೆ? ಕೆಳಗಿನ ಕಾಡಿನ ದಾರಿಯಲ್ಲಿ ಖಂಡಿತ ಉಪಯೋಗ. ಬೆಟ್ಟದ ಏಣಿನ ಮೇಲೆ ಗಾಳಿಗೆ ಅದು ಕೈಯಲ್ಲಿ ನಿಲ್ಲುವುದಿಲ್ಲ.

ಗಲ್ಫಿನಲ್ಲಿರುವ ಭಾವ ತಂದುಕೊಟ್ಟ ಚರ್ಮದ ಜಾಕೆಟ್ ಕೆಲವರ ಮನೆಯಲ್ಲಿರುತ್ತದೆ. ಅದು ಮದುವೆಗೆ ಇರಲಿ. ಭಾರ ಜಾಸ್ತಿ, ಒದ್ದೆಯಾದರೆ ಇನ್ನೂ ಭಾರ.

ಆರು ದಿನದ ಟ್ರೆಕ್ಕಿಗೆ ಇಷ್ಟು ಸಾಕು: ಪೂರ್ತಿ ತೋಳಿನ ಟೀ ಶರ್ಟ್ ಮೂರು, ಟ್ರೆಕ್ ಪ್ಯಾಂಟ್ ಎರಡು, ಥರ್ಮಲ್ (ಮೈಗೆ ಅಂಟಿಕೊಳ್ಳುವ ಬೆಚ್ಚನೆಯ ಒಳಉಡುಪು) ಒಂದು ಜೊತೆ, ಫ್ಲೀಸ್ ಒಂದು, ದಪ್ಪ ಜಾಕೆಟ್ ಒಂದು, ಮಳೆಯ ಜಾಕೆಟ್ ಮತ್ತು ಪ್ಯಾಂಟ್ ಒಂದೊಂದು, ನಡೆಯುವ ಸಾಕ್ಸ್ ಮೂರು ಜೊತೆ. ಇದಲ್ಲದೆ ಉಣ್ಣೆಯ ಸಾಕ್ಸ್ ಒಂದು ಜೊತೆ ಮಲಗಲು ಮಾತ್ರ. ಆ ಥರ್ಮಲ್ಲೂ ಆ ಉಣ್ಣೆಯ ಸಾಕ್ಸೂ ಹಗಲು ಮೈಮೇಲೆ ಬರಬಾರದು. ಎಲ್ಲ ಒದ್ದೆಯಾದ ದಿನ ರಾತ್ರಿ ಹಾಕಲು ಒಂದು ಒಣ ಜೊತೆ ಉಳಿದಿರಲೇಬೇಕು.

ಬೈರಾಸು ಒಂದು ತನ್ನಿ, ತೆಳುವಾದದ್ದು. ಅದಿಲ್ಲದೆ ನಮಗೆ ಮನೆಯಿಂದ ಹೊರಡಲು ಮನಸ್ಸೇ ಬರುವುದಿಲ್ಲ ಅಲ್ವಾ?

ಮುಂಜಾವಿನ ಶಿಖರದ ನಡಿಗೆ ಬಿಟ್ಟರೆ, ನಡೆಯಲು ಶುರು ಮಾಡುವ ಮೊದಲೇ ದಪ್ಪ ಜಾಕೆಟ್ ತೆಗೆದು ಬ್ಯಾಗಿಗೆ ಹಾಕಿ. ಮೊದಲ ಹತ್ತು ನಿಮಿಷ ಸ್ವಲ್ಪ ಚಳಿ ಅನಿಸಿದರೆ ಬಟ್ಟೆ ಸರಿಯಾಗಿದೆ ಎಂದರ್ಥ.

ಹೆಜ್ಜೆ 4: ಕೈ, ತಲೆ, ಕಣ್ಣು

ಕೈಗವಸು ಎರಡು ಬಗೆ: ಒಳಗೆ ತೆಳು, ಅದರ ಮೇಲೆ ನೀರು ತಡೆಯುವ ದಪ್ಪದ್ದು. ತೆಳುವಾದದ್ದು ಹಾಕಿಕೊಂಡೇ ಲೇಸು ಕಟ್ಟಬಹುದು, ಫೋಟೋ ತೆಗೆಯಬಹುದು. ಕಿವಿ ಮುಚ್ಚುವ ಉಣ್ಣೆಯ ಟೊಪ್ಪಿ, ಬಿಸಿಲಿಗೆ ಅಂಚಿರುವ ಟೊಪ್ಪಿ, ಕುತ್ತಿಗೆಗೆ ಬಫ್, ಅಂದರೆ ಕೊಳವೆಯಂತಿರುವ ತೆಳು ಬಟ್ಟೆ.

ಕಣ್ಣಿನ ವಿಷಯದಲ್ಲಿ ಉದಾಸೀನ ಬೇಡ. ಸಾವಿರ ಮೀಟರ್ ಏರಿದಂತೆ ಅತಿನೇರಳೆ ಕಿರಣ ಸುಮಾರು ಶೇಕಡಾ 10ರಷ್ಟು ಹೆಚ್ಚುತ್ತದೆ. ಹೊಸ ಹಿಮ ಅದರಲ್ಲಿ ಶೇಕಡಾ 80ರ ತನಕ ವಾಪಸ್ ಚಿಮ್ಮಿಸುತ್ತದೆ, ಅಂದರೆ ಬಿಸಿಲು ಕೆಳಗಿನಿಂದಲೂ ಬರುತ್ತದೆ. ಕನ್ನಡಕ ಇಲ್ಲದೆ ಒಂದು ಹಗಲು ಹಿಮದಲ್ಲಿ ನಡೆದರೆ ರಾತ್ರಿ ಕಣ್ಣಿಗೆ ಮರಳು ಹಾಕಿದಂತೆ ಉರಿ, ತೆರೆಯಲೇ ಆಗುವುದಿಲ್ಲ. ಯುವಿ 400 ಎಂದು ಬರೆದಿರುವ, ಬದಿಗಳೂ ಮುಚ್ಚುವ ಕಪ್ಪು ಕನ್ನಡಕ ತೆಗೆದುಕೊಳ್ಳಿ. ರಸ್ತೆ ಬದಿಯ ಬರೀ ಬಣ್ಣದ ಗಾಜು ಅಪಾಯ, ಕತ್ತಲೆಗೆ ಪಾಪೆ ಅಗಲವಾಗಿ ಕಿರಣ ಇನ್ನೂ ಜಾಸ್ತಿ ಒಳಗೆ ಹೋಗುತ್ತದೆ. ಎಸ್‌ಪಿಎಫ್ 50ರ ಸನ್‌ಸ್ಕ್ರೀನನ್ನು ಮೂಗಿನ ಕೆಳಭಾಗಕ್ಕೂ ಗಲ್ಲದಡಿಗೂ ಹಚ್ಚಬೇಕು.

ತೆಂಗಿನೆಣ್ಣೆ ಬಾಟಲಿ ಒಯ್ಯುವವರಿಗೆ ಒಂದು ಮಾತು: ಅದು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ. ಸಣ್ಣ ಬಾಯಿಯ ಬಾಟಲಿಯಿಂದ ಹೊರಗೇ ಬರುವುದಿಲ್ಲ. ಒಡೆದ ತುಟಿಗೂ ಚರ್ಮಕ್ಕೂ ವ್ಯಾಸಲೀನ್ ಸಾಕು.

ಹೆಜ್ಜೆ 5: ಮಲಗುವ ವ್ಯವಸ್ಥೆ

ಸ್ಲೀಪಿಂಗ್ ಬ್ಯಾಗಿನ ಮೇಲೆ ಎರಡು ಮೂರು ಉಷ್ಣತೆ ಬರೆದಿರುತ್ತಾರೆ. ಕಂಫರ್ಟ್ ಎಂದು ಬರೆದದ್ದನ್ನು ಮಾತ್ರ ನಂಬಿ. ಎಕ್ಸ್‌ಟ್ರೀಮ್ ಅಂದರೆ ಜೀವ ಉಳಿಯಬಹುದು ಎಂಬ ಮಟ್ಟ, ನಿದ್ದೆ ಬರುವ ಮಟ್ಟವಲ್ಲ. ಕೆಳಗಿನ ಮ್ಯಾಟೂ ಅಷ್ಟೇ ಮುಖ್ಯ. ಮೈಭಾರಕ್ಕೆ ಬ್ಯಾಗಿನ ಕೆಳಭಾಗ ಚಪ್ಪಟೆಯಾಗಿರುತ್ತದೆ, ಅಲ್ಲಿಂದ ಶಾಖವೆಲ್ಲ ನೆಲಕ್ಕೆ ಹೋಗುತ್ತದೆ.

ಹೆಜ್ಜೆ 6: ನೀರು ಮತ್ತು ತಿಂಡಿ

ಒಂದು ಲೀಟರಿನ ಬಾಟಲಿ ಎರಡು. ಪೈಪಿನಿಂದ ಹೀರುವ ಚೀಲ ಬೇಸಿಗೆಗೆ ಸರಿ, ಹಿಮದ ಕಾಲದಲ್ಲಿ ಪೈಪಿನೊಳಗೇ ನೀರು ಹೆಪ್ಪುಗಟ್ಟುತ್ತದೆ. ರಾತ್ರಿ ಬಾಟಲಿಯನ್ನು ತಲೆಕೆಳಗಾಗಿ ಇಡಿ. ಮಂಜುಗಡ್ಡೆ ಮೇಲಿನಿಂದ ಕಟ್ಟುವುದರಿಂದ ಬೆಳಗ್ಗೆ ಮುಚ್ಚಳದ ಬದಿ ನೀರಾಗಿಯೇ ಇರುತ್ತದೆ. ಇನ್ನೂ ಒಳ್ಳೆಯದು, ಊಟದ ನಂತರ ಬಿಸಿ ನೀರು ತುಂಬಿಸಿ ಮುಚ್ಚಳ ಬಿಗಿದು ಕಾಲ ಬಳಿ ಇಟ್ಟುಕೊಂಡು ಮಲಗುವುದು. ದಿನಕ್ಕೆ ಮೂರು ನಾಲ್ಕು ಲೀಟರ್ ಕುಡಿಯಬೇಕು. ಚಳಿಯಲ್ಲಿ ಬಾಯಾರಿಕೆ ಗೊತ್ತಾಗುವುದಿಲ್ಲ, ಗಡಿಯಾರ ನೋಡಿ ಕುಡಿಯಿರಿ.

ಕುಚ್ಚಲಕ್ಕಿ ಗಂಜಿಯ ಆಸೆ ಬಿಡಿ. 4,000 ಮೀಟರಿನಲ್ಲಿ ನೀರು 87 ಡಿಗ್ರಿಗೇ ಕುದಿಯುತ್ತದೆ, ಕುಕ್ಕರ್ ಇಲ್ಲದೆ ಆ ಅಕ್ಕಿ ಬೇಯುವುದು ಕಷ್ಟ. ಅಲ್ಲಿ ಸಿಗುವುದು ರೊಟ್ಟಿ, ದಾಲ್, ಬೆಳ್ತಿಗೆ ಅನ್ನ. ಕುಡಿಯುವ ನೀರನ್ನು ಮೂರು ನಿಮಿಷ ಕುದಿಸಿದರೆ ಸಾಕು, ಇಲ್ಲವೇ ಕ್ಲೋರಿನ್ ಮಾತ್ರೆ ಹಾಕಿ.

ಜೇಬಿಗೆ ನಮ್ಮೂರಿನ ತಿಂಡಿಯೇ ಒಳ್ಳೆಯದು. ಹುರಿದ ಗೇರುಬೀಜ, ಕಡಲೆ ಮಿಠಾಯಿ, ಬೆಲ್ಲ, ನೇಂದ್ರ ಚಿಪ್ಸ್. ಎತ್ತರದಲ್ಲಿ ಹಸಿವು ಸತ್ತಿರುತ್ತದೆ, ಪರಿಚಯದ ರುಚಿಯಾದರೆ ಎರಡು ತುತ್ತು ಇಳಿಯುತ್ತದೆ. ಹಲಸಿನ ಹಪ್ಪಳ ಪುಡಿಯಾಗುತ್ತದೆ, ಬೇಡ.

ಹೆಜ್ಜೆ 7: ಮದ್ದಿನ ಡಬ್ಬಿ

ಎತ್ತರದ ಕಾಯಿಲೆಯನ್ನು, ಅಂದರೆ ಮೇಲೆ ಆಮ್ಲಜನಕ ಸಾಲದೆ ಬರುವ ತೊಂದರೆಯನ್ನು, ಬ್ಯಾಗಿನಲ್ಲಿರುವ ಯಾವ ವಸ್ತುವೂ ಪೂರ್ತಿ ತಡೆಯುವುದಿಲ್ಲ. 2,500 ಮೀಟರ್ ದಾಟಿದ ಮೇಲೆ ಅದು ಯಾರಿಗೂ ಬರಬಹುದು. 3,800 ಮೀಟರಿನಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಮೂರನೇ ಎರಡಕ್ಕಿಂತಲೂ ತುಸು ಕಡಿಮೆ. ನಾವಂತೂ ಸಮುದ್ರದ ಬದಿಯಿಂದಲೇ ಹೋಗುವವರು. 3,000 ಮೀಟರಿನ ಮೇಲೆ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಜಾಸ್ತಿ ಏರಿಸದ ಟ್ರೆಕ್ಕನ್ನೇ ಆರಿಸಿ.

ಡಯಾಮಾಕ್ಸ್, ಅಂದರೆ ಅಸೆಟಜೋಲಮೈಡ್, ಮುನ್ನೆಚ್ಚರಿಕೆಗೆ ಸಾಮಾನ್ಯವಾಗಿ 125 ಮಿಲಿಗ್ರಾಂ ದಿನಕ್ಕೆರಡು ಬಾರಿ, ಏರುವ ಹಿಂದಿನ ದಿನದಿಂದ ತೆಗೆದುಕೊಳ್ಳುತ್ತಾರೆ. ವೈದ್ಯರನ್ನು ಕೇಳಿಯೇ ಶುರು ಮಾಡಿ. ಸಲ್ಫಾ ಮದ್ದಿನ ಅಲರ್ಜಿ ಇದ್ದರೆ ಮೊದಲೇ ಹೇಳಿ. ಪ್ಯಾರಾಸಿಟಮಾಲ್, ಓಆರ್‌ಎಸ್, ಭೇದಿಗೆ ಮತ್ತು ಗ್ಯಾಸ್ಟ್ರಿಕ್‌ಗೆ ಮಾತ್ರೆ, ಬೆಟಾಡಿನ್, ಬ್ಯಾಂಡೇಜು, ಅಂಟುಪಟ್ಟಿ. ಹಿಮ್ಮಡಿ ಬಿಸಿಯಾಗುತ್ತಿದೆ ಎನಿಸಿದ ಕೂಡಲೇ ಆ ಪಟ್ಟಿ ಹಚ್ಚಬೇಕು, ಬೊಕ್ಕೆ ಬರುವ ತನಕ ಕಾಯಬಾರದು. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ತಂಡಕ್ಕೊಂದು ಸಾಕು. ತಲೆನೋವಿನ ಜೊತೆ ವಾಂತಿ, ತೂರಾಟ ಅಥವಾ ಕುಳಿತಾಗಲೂ ಏದುಸಿರು ಇದ್ದರೆ ಆಕ್ಸಿಮೀಟರಿನ ಅಂಕಿ ನೋಡುತ್ತ ಕೂರಬೇಡಿ, ಕೆಳಗೆ ಇಳಿಯಿರಿ.

ಹೆಂಗಸರು ದಿನ ಲೆಕ್ಕ ಹಾಕಿ ಬಿಡಬೇಡಿ, ಎತ್ತರದಲ್ಲಿ ಮುಟ್ಟು ಹಿಂದೆ ಮುಂದೆ ಆಗಬಹುದು. ಪ್ಯಾಡು ಅಥವಾ ಕಪ್ ಇರಲಿ, ಕಸ ವಾಪಸ್ ತರಲು ಜಿಪ್ ಇರುವ ಕವರ್ ಇರಲಿ.

ಫಿಟ್‌ನೆಸ್ ಸರ್ಟಿಫಿಕೇಟ್ ಕೇಳುತ್ತಾರೆ. ಅದನ್ನು ಇಂಗ್ಲಿಷಿನಲ್ಲೇ ಬರೆಸಿ, ಉತ್ತರಾಖಂಡದ ಅರಣ್ಯ ಚೆಕ್‌ಪೋಸ್ಟಿನಲ್ಲಿ ಮಲಯಾಳವೂ ಕನ್ನಡವೂ ನಡೆಯುವುದಿಲ್ಲ.

ಹೆಜ್ಜೆ 8: ಬೆಳಕು, ಬ್ಯಾಟರಿ, ದುಡ್ಡು

ತಲೆಗೆ ಕಟ್ಟುವ ಟಾರ್ಚು, ಜೊತೆಗೆ ಹೆಚ್ಚುವರಿ ಸೆಲ್. ಚಳಿಗೆ ಬ್ಯಾಟರಿ ಬೇಗ ಇಳಿಯುತ್ತದೆ. ರಾತ್ರಿ ಫೋನು, ಪವರ್ ಬ್ಯಾಂಕ್, ಟಾರ್ಚಿನ ಸೆಲ್ ಎಲ್ಲವನ್ನೂ ಸ್ಲೀಪಿಂಗ್ ಬ್ಯಾಗಿನೊಳಗೆ ಇಟ್ಟುಕೊಳ್ಳಿ. ವಿಮಾನದಲ್ಲಿ ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು, ಊರುಗೋಲು ಚೆಕ್ ಇನ್ ಬ್ಯಾಗಿಗೆ. ಒಲೆಯ ಗ್ಯಾಸ್ ಡಬ್ಬಿಯನ್ನು ರೈಲಿಗೂ ವಿಮಾನಕ್ಕೂ ಒಯ್ಯುವಂತಿಲ್ಲ.

ಕಾಶ್ಮೀರ, ಲಡಾಖ್ ಕಡೆ ಹೋಗುವುದಾದರೆ ನಮ್ಮ ಪ್ರೀಪೇಯ್ಡ್ ಸಿಮ್ ಅಲ್ಲಿ ಕೆಲಸ ಮಾಡುವುದಿಲ್ಲ, ಪೋಸ್ಟ್‌ಪೇಯ್ಡ್ ಬೇಕು. ಸಾಂಕ್ರಿಗೆ ಹೋಗುವವರು ನಗದನ್ನು ಡೆಹ್ರಾಡೂನಿನಲ್ಲೇ ತೆಗೆದಿಟ್ಟುಕೊಳ್ಳಿ.

ಹೆಜ್ಜೆ 9: ತುಂಬುವ ಕ್ರಮ

ಎಲ್ಲವನ್ನೂ ಚಾವಡಿಯಲ್ಲಿ ಹರಡಿ. ಪ್ರತಿಯೊಂದನ್ನೂ ಎತ್ತಿ, ಇದು ಇಲ್ಲದಿದ್ದರೆ ಏನಾಗುತ್ತದೆ ಎಂದು ಕೇಳಿಕೊಳ್ಳಿ. "ಇರಲಿ, ಸುಮ್ನೆ" ಎಂಬ ಉತ್ತರ ಬಂದದ್ದೆಲ್ಲ ಮನೆಯಲ್ಲೇ ಇರಲಿ. ಟೂತ್‌ಪೇಸ್ಟು, ಚೂರಿ, ಸೋಪು ನಾಲ್ವರಿಗೆ ಒಂದೊಂದು ಸಾಕು.

ಮೊದಲು ಬ್ಯಾಗಿನ ಒಳಗೆ ದೊಡ್ಡ ಪ್ಲಾಸ್ಟಿಕ್ ಚೀಲ ಇಳಿಸಿ. ಹೊರಗಿನ ಮಳೆ ಕವರ್ ಬೆನ್ನಿನ ಬದಿಯಿಂದ ಇಳಿಯುವ ನೀರನ್ನು ತಡೆಯುವುದಿಲ್ಲ. ಅಡಿಕೆ ಗೊನೆಗೆ ಕೊಟ್ಟೆ ಕಟ್ಟಲು ತರುವ ದಪ್ಪ ಪ್ಲಾಸ್ಟಿಕ್ ನಮ್ಮಲ್ಲಿ ಹೇಗೂ ಸಿಗುತ್ತದೆ, ಅದೇ ಇದಕ್ಕೆ ಬಹಳ ಒಳ್ಳೆಯದು.

ತಳಕ್ಕೆ ಸ್ಲೀಪಿಂಗ್ ಬ್ಯಾಗು ಮತ್ತು ರಾತ್ರಿಯ ಬಟ್ಟೆ. ಭಾರದ್ದೆಲ್ಲ ನಡುವಿನಲ್ಲಿ, ಬೆನ್ನಿಗೆ ಒತ್ತಿಕೊಂಡು. ಹಗುರದ್ದು ಅದರ ಹೊರಬದಿಗೆ. ಭಾರ ಬೆನ್ನಿನಿಂದ ದೂರ ಹೋದಷ್ಟೂ ಅದು ನಿಮ್ಮನ್ನು ಹಿಂದಕ್ಕೆ ಎಳೆಯುತ್ತದೆ. ಮಳೆಯ ಜಾಕೆಟ್, ಕೈಗವಸು, ದಪ್ಪ ಜಾಕೆಟ್ ಎಲ್ಲಕ್ಕಿಂತ ಮೇಲೆ. ಸನ್‌ಸ್ಕ್ರೀನ್, ತಿಂಡಿ, ಅಂಟುಪಟ್ಟಿ ಸೊಂಟದ ಜೇಬಿಗೆ. ಹೊರಗೆ ಲೋಟ, ಚಪ್ಪಲಿ ನೇತಾಡಿಸಬೇಡಿ.

ಅಡಿಕೆ ತೂಗುವ ತಕ್ಕಡಿಗೆ ಬ್ಯಾಗು ಸಿಕ್ಕಿಸಿ ನೋಡಿ. ನೀವೇ ಹೊರುವುದಾದರೆ ನೀರು ಸೇರಿ 10–12 ಕಿಲೋ ಒಳಗಿರಲಿ. ಹೆಗಲಿಗೆ ಏರಿಸುವಾಗ ಮೊದಲು ಸೊಂಟದ ಪಟ್ಟಿ ಬಿಗಿಯಿರಿ, ಆಮೇಲೆ ಭುಜದ್ದು. ಭಾರದ ಹೆಚ್ಚಿನ ಪಾಲು ಸೊಂಟದ ಮೂಳೆಯ ಮೇಲೆ ಕೂರಬೇಕು.

ಹೆಜ್ಜೆ 10: ಊರಲ್ಲೇ ಒಂದು ಪರೀಕ್ಷೆ

ಹೊರಡುವ ಮೂರು ವಾರ ಮೊದಲು ಪೂರ್ತಿ ಬ್ಯಾಗು ಹೊತ್ತು ಧರ್ಮತ್ತಡ್ಕದ ಹತ್ತಿರದ ಪೊಸಡಿ ಗುಂಪೆ ಏರಿ. ಒಂದು ಭಾನುವಾರ ರಾಣಿಪುರಂಗೆ ಹೋಗಿ, ಮಳೆಗಾಲವಾದರೆ ಉಂಬಳಕ್ಕೆ ಉಪ್ಪು ಇಟ್ಟುಕೊಳ್ಳಿ. ಇದರಿಂದ ಎತ್ತರಕ್ಕೆ ಮೈ ಒಗ್ಗುವುದಿಲ್ಲ, ಆದರೆ ಯಾವ ಪಟ್ಟಿ ಭುಜ ಕೊರೆಯುತ್ತದೆ, ಯಾವ ಸಾಕ್ಸ್ ಮಡಚಿಕೊಳ್ಳುತ್ತದೆ ಎಂಬುದು ಖಂಡಿತ ಗೊತ್ತಾಗುತ್ತದೆ. ಅದನ್ನು ಸರಿ ಮಾಡಲು ಮಂಗಳೂರಿಗೆ ಹೋಗಿ ಬರುವಷ್ಟು ಸಮಯವೂ ಉಳಿದಿರುತ್ತದೆ.

ಹೆಜ್ಜೆ 11: ದಾರಿಯಲ್ಲಿ

ಮಂಗಳಾ ಎಕ್ಸ್‌ಪ್ರೆಸ್ಸಿನಲ್ಲಿ ಕಾಸರಗೋಡಿನಿಂದ ಸೆಕೆಯಲ್ಲಿ ಹತ್ತಿದವರು ದೆಹಲಿಯ ನಿಜಾಮುದ್ದೀನಿನಲ್ಲಿ ಚಳಿಗೆ ಇಳಿಯುತ್ತೀರಿ. ಫ್ಲೀಸ್ ಕೈಗೆ ಸಿಗುವಂತಿರಲಿ. ಡಿಸೆಂಬರ್, ಜನವರಿಯಲ್ಲಿ ಉತ್ತರದ ಮಂಜಿಗೆ ರೈಲು ಗಂಟೆಗಟ್ಟಲೆ ತಡ, ಜುಲೈಯಲ್ಲಿ ಕೊಂಕಣ ರೈಲ್ವೆಯ ಮಳೆಗಾಲದ ವೇಳಾಪಟ್ಟಿಯೇ ಬೇರೆ. ಒಂದು ದಿನ ಕೈಯಲ್ಲಿಟ್ಟುಕೊಂಡು ಟಿಕೆಟ್ ಮಾಡಿ. ಶೂ ಕಾಲಲ್ಲೇ ಇರಲಿ. ಬ್ಯಾಗು ಕಳೆದರೂ ಉಳಿದದ್ದು ಸಾಂಕ್ರಿಯಲ್ಲಿ ಬಾಡಿಗೆಗೆ ಸಿಗುತ್ತದೆ.

ಹೆಜ್ಜೆ 12: ವಾಪಸ್ ಬಂದ ಮೇಲೆ

ಬ್ಯಾಗನ್ನು ಹಾಗೇ ಅಟ್ಟಕ್ಕೆ ಹಾಕಿದರೆ ಮುಂದಿನ ಮಳೆಗಾಲದಲ್ಲಿ ಬೂಷ್ಟು ಹಿಡಿಯುವುದು ಖಂಡಿತ. ಶೂ ತೊಳೆದು, ಒಳಗೆ ಪೇಪರ್ ತುರುಕಿ ನೆರಳಿನಲ್ಲಿ ಒಣಗಿಸಿ. ಒಲೆಯ ಹತ್ತಿರ ಬೇಡ, ಅಂಟು ಬಿಡುತ್ತದೆ. ಗರಿಯ ಜಾಕೆಟನ್ನೂ ಸ್ಲೀಪಿಂಗ್ ಬ್ಯಾಗನ್ನೂ ಚಿಕ್ಕ ಚೀಲದಲ್ಲಿ ಒತ್ತಿಡದೆ ಹ್ಯಾಂಗರಿಗೆ ಸಡಿಲವಾಗಿ ತೂಗು ಹಾಕಿ. ಟಾರ್ಚಿನ ಸೆಲ್ ಹೊರಗೆ ತೆಗೆಯಿರಿ. ಮಳೆಗಾಲದಲ್ಲಿ ನಾಲ್ಕು ದಿನ ಬಿಸಿಲು ಬಿಟ್ಟಾಗ ಎಲ್ಲವನ್ನೂ ಒಮ್ಮೆ ಹೊರಗೆ ತಂದು ಗಾಳಿಗೆ ಹಾಕಿ. ಶೂವನ್ನು ಆಗಾಗ ಹಾಕಿಕೊಂಡು ತೋಟಕ್ಕೆ ಹೋಗಿ ಬನ್ನಿ, ಬಳಸುತ್ತಿದ್ದರೆ ಅಟ್ಟೆ ಜಾಸ್ತಿ ದಿನ ಬಾಳುತ್ತದೆ.